ನೀರು ಎಲ್ಲಿಗೆ ಹೋಯಿತು?

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮನೆಯಲ್ಲಿ 1999ರ ಮಾರುತಿ 800 ಇದೆ. ಕೆಲವು ವರ್ಷಗಳ ಹಿಂದೆ ಅದು ಎಂಜಿನ್ ತಣಿಸುವ ನೀರನ್ನು ವಾರಕ್ಕೆ ಅರ್ಧ ಲೀಟರ್ ಕುಡಿಯತೊಡಗಿತು. ನೆಲದ ಮೇಲೆ ಒಂದು ಹನಿಯೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ಒಂದು ಚೊಂಬು ನಲ್ಲಿ ನೀರು ಸುರಿದು ಬಾನೆಟ್ ಮುಚ್ಚುತ್ತಿದ್ದೆ. ಮೂರು ತಿಂಗಳು ಹೀಗೇ ನಡೆಯಿತು. ಒಂದು ದಿನ ಉಜಿರೆಯಿಂದ ಹೊರಟು ಚಾರ್ಮಾಡಿ ಘಾಟಿ ಹತ್ತುತ್ತಿರುವಾಗ ಬಾನೆಟ್ಟಿನ ಸಂದಿಯಿಂದ ಆವಿ ಎದ್ದಿತು. ಶಾಖ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿ, ಆಮೇಲೆ ತಾನಾಗಿಯೇ ಕೆಳಗಿಳಿಯಿತು. ತಣ್ಣಗಾಗುತ್ತಿದೆ ಎಂದುಕೊಂಡು ಇನ್ನೂ ಎರಡು ತಿರುವು ಹತ್ತಿಸಿದೆ. ಅಲ್ಲಿ ಎಂಜಿನ್ ನಿಂತಿತು.

ಮುಳ್ಳು ಏಕೆ ಇಳಿಯಿತು ಎಂಬುದು ಆಮೇಲೆ ತಿಳಿಯಿತು. ಶಾಖ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ. ನೀರು ಬತ್ತಿ ಅದು ಗಾಳಿಗೆ ಒಡ್ಡಿಕೊಂಡರೆ, ಒಳಗೆ ಲೋಹ ಕಾದು ಉರಿಯುತ್ತಿದ್ದರೂ ಮುಳ್ಳು ಕೆಳಗೆ ಬೀಳಬಹುದು. ಇದು ತಿಳಿಯದೆ ಎಷ್ಟೋ ಎಂಜಿನ್‌ಗಳು ಹಾಳಾಗಿವೆ. ಕೆಂಪಿಗೆ ಏರಿದ ಮುಳ್ಳು ದಿಢೀರನೆ ಇಳಿದರೆ, ಆ ಕ್ಷಣವೇ ಗಾಡಿ ನಿಲ್ಲಿಸಿ.

ಎಂಜಿನ್ನಿನ ಕೂಲಿಂಗ್ ವ್ಯವಸ್ಥೆ ಮುಚ್ಚಿದ ಪಾತ್ರೆಯಿದ್ದಂತೆ. ಅದರಿಂದ ನೀರು ವಾರವಾರ ಕಡಿಮೆಯಾಗುವಂತಿಲ್ಲ. ಕಡಿಮೆಯಾದರೆ ಎಲ್ಲಿಗೋ ಹೋಗಿದೆ ಎಂದರ್ಥ. ಎಲ್ಲಿಗೆ ಎಂದು ಕೇಳದೆ ಮತ್ತೆ ತುಂಬಿಸುವುದು ರೋಗವನ್ನು ಮುಚ್ಚಿಟ್ಟು ಬೆಳೆಸಿದಂತೆ. ನನ್ನ ಗಾಡಿಯ ನೀರು, ಎಂಜಿನ್ನಿನ ಮೇಲಿನ ಮತ್ತು ಕೆಳಗಿನ ಭಾಗಗಳ ನಡುವೆ ಸೀಲಿನಂತಿರುವ ಹೆಡ್ ಗ್ಯಾಸ್ಕೆಟ್ ಸೀಳಿಕೊಂಡು ಸಿಲಿಂಡರಿನೊಳಗೆ ಹೋಗುತ್ತಿತ್ತು, ಸೈಲೆನ್ಸರಿನಿಂದ ಬಿಳಿ ಹೊಗೆಯಾಗಿ ಹೊರಬರುತ್ತಿತ್ತು. ಬೆಳಗಿನ ಚಳಿಗೆ ಬರುವ ಹಬೆ ಎಂದು ನಾನು ನಂಬಿದ್ದೆ. ಚಳಿಯ ಹಬೆ ಐದಾರು ನಿಮಿಷದಲ್ಲಿ ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ. ಆಯಿಲ್ ಮುಚ್ಚಳ ತೆಗೆದು ನೋಡಿದಾಗ ಒಳಗೆ ಹಾಲು ಹೆಚ್ಚಾದ ಕಾಫಿಯ ಬಣ್ಣದ ಜಿಡ್ಡು ಧಾರಾಳವಾಗಿ ಕಂಡರೂ, ಎಂಜಿನ್ ಓಡುವಾಗ ಬಿಸಿನೀರನ್ನು ತಣಿಸುವ ರೇಡಿಯೇಟರಿನಲ್ಲಿ ಗುಳ್ಳೆಗಳು ಬಿಡದೆ ಏಳುತ್ತಿದ್ದರೂ ಅನುಮಾನ ಈ ಗ್ಯಾಸ್ಕೆಟ್ಟಿನ ಮೇಲೆಯೇ ಹೋಗಬೇಕು. ಅಲ್ಯೂಮಿನಿಯಂ ಬಿಸಿಗೆ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬಹಳಷ್ಟು ಹಳೆಯ ಎಂಜಿನ್‌ಗಳಲ್ಲಿ ಕೆಳಗಿನ ಬ್ಲಾಕ್ ಬೀಡುಕಬ್ಬಿಣದ್ದು, ಮೇಲಿನ ಹೆಡ್ ಅಲ್ಯೂಮಿನಿಯಂನದು. ಒಮ್ಮೆ ಮಿತಿಮೀರಿ ಕಾದರೆ ಹೆಡ್ ಬಾಗುತ್ತದೆ, ನಡುವಿನ ಗ್ಯಾಸ್ಕೆಟ್ ಸೋಲುತ್ತದೆ.

ನೀರು ಹೊರಗೆ ಸೋರುತ್ತಿದ್ದರೆ ಹುಡುಕುವುದು ಸುಲಭ. ರಾತ್ರಿ ಗಾಡಿಯ ಕೆಳಗೆ ಹಳೆಯ ರಟ್ಟು ಹಾಸಿಡಿ, ಕಲೆ ಬಿದ್ದ ಜಾಗದಿಂದ ಮೇಲಕ್ಕೆ ಟಾರ್ಚ್ ಹಿಡಿದು ಹೋಗಿ. ನೀರನ್ನು ಎಂಜಿನ್ನಿನಲ್ಲಿ ಸುತ್ತಿಸುವ ವಾಟರ್ ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಸವೆದಾಗ ನೀರು ಹೊರಬಂದು ತಿಳಿಸಲೆಂದೇ ಆ ತೂತು. ಅದನ್ನು ಎಂಸೀಲ್ ಹಚ್ಚಿ ಮುಚ್ಚಿದವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಪಂಪ್ ಬದಲಿಸಿ.

ನೀರು ಸರಿಯಾಗಿದ್ದೂ ಗಾಡಿ ಬಿಸಿಯಾಗುತ್ತಿದ್ದರೆ, ಯಾವಾಗ ಬಿಸಿಯಾಗುತ್ತದೆ ಎಂಬುದನ್ನು ಗಮನಿಸಿ. ಸಿಗ್ನಲ್‌ಗಳಲ್ಲಿ ಬಿಸಿಯೇರಿ, ಹೆದ್ದಾರಿಗೆ ಬಂದೊಡನೆ ತಣ್ಣಗಾದರೆ ಅನುಮಾನ ಫ್ಯಾನಿನ ಮೇಲೆ. ಅಂಬಾಸಿಡರಿನಂಥ ಗಾಡಿಗಳಲ್ಲಿ ಫ್ಯಾನನ್ನು ಎಂಜಿನ್ನೇ ಬೆಲ್ಟಿನಿಂದ ತಿರುಗಿಸುತ್ತದೆ, ಬೆಲ್ಟ್ ಸಡಿಲವಾದರೆ ಗಾಳಿಯೂ ಸೊರಗುತ್ತದೆ. ಮಾರುತಿ 800ರಲ್ಲಿ ವಿದ್ಯುತ್ ಫ್ಯಾನ್. ಅಂಗಳದಲ್ಲಿ ಎಂಜಿನ್ ಓಡಲು ಬಿಟ್ಟು ಕಾಯಿರಿ; ಮುಳ್ಳು ಅರ್ಧ ದಾಟಿದ ಸ್ವಲ್ಪದರಲ್ಲೇ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಮೊದಲು ಫ್ಯೂಸ್ ನೋಡಿ, ಆಮೇಲೆ ಬಿಸಿ ಏರಿದಾಗ ಫ್ಯಾನ್ ಚಾಲೂ ಮಾಡುವ ಥರ್ಮೋ ಸ್ವಿಚ್, ಕೊನೆಗೆ ಮೋಟರ್. ಊರೊಳಗೆ ಚೆನ್ನಾಗಿದ್ದು ಹೆದ್ದಾರಿಯಲ್ಲೋ ಘಾಟಿಯಲ್ಲೋ ಕಾಯುವ ಗಾಡಿಯಲ್ಲಿ ರೇಡಿಯೇಟರೇ ಕಟ್ಟಿಕೊಂಡಿರುವುದು ಹೆಚ್ಚು. ಮುಳ್ಳು ಏರುವುದರ ಜೊತೆಗೆ ಬ್ಯಾಟರಿ ದೀಪವೂ ಹತ್ತಿದರೆ ಬೆಲ್ಟ್ ತುಂಡಾಗಿದೆ ಎಂದೇ ತಿಳಿಯಿರಿ. ಹಳೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ವಾಟರ್ ಪಂಪನ್ನೂ ತಿರುಗಿಸುವುದು ಒಂದೇ ಬೆಲ್ಟ್.

ರೇಡಿಯೇಟರ್ ಏಕೆ ಕಟ್ಟಿಕೊಳ್ಳುತ್ತದೆ? ಕೋಲಾರ, ಚಿತ್ರದುರ್ಗದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪದರವನ್ನು ಅವರು ದಿನಾ ನೋಡುತ್ತಾರೆ. ಅದೇ ಪದರ ರೇಡಿಯೇಟರಿನ ಸಪೂರ ಕೊಳವೆಗಳಲ್ಲೂ ಕೂರುತ್ತದೆ. ನಮ್ಮ ಊರಿನಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ನೀರಿಗೆ ಬೆರೆಸುವ ಕೂಲಂಟ್ ಎಂಬ ದ್ರವ ಏಕೆ ಎಂದು ಕೇಳುವವರಿದ್ದಾರೆ. ಕೂಲಂಟ್ ತುಕ್ಕನ್ನು ತಡೆಯುತ್ತದೆ, ಕುದಿಯುವ ಮಟ್ಟವನ್ನೂ ಏರಿಸುತ್ತದೆ. ಅರ್ಧ ಕೂಲಂಟಿಗೆ ಅರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ, ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು.

ಹೊರಗಿನಿಂದಲೂ ರೇಡಿಯೇಟರ್ ಮುಚ್ಚಿಹೋಗುತ್ತದೆ. ಸುಗ್ಗಿಯಲ್ಲಿ ರಸ್ತೆಯ ಮೇಲೆಯೇ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡುವ ಊರುಗಳ ಮೂಲಕ ಹೋಗಿ ಬಂದರೆ, ಮನೆಗೆ ಬಂದಮೇಲೆ ಗಾಡಿಯ ಮುಂಭಾಗ ನೋಡಿ. ಹೊಟ್ಟು, ದೂಳು, ಹುಳುಗಳು ರೇಡಿಯೇಟರಿನ ತೆಳು ರೆಕ್ಕೆಗಳ ನಡುವೆ ಮೆತ್ತಿಕೊಂಡಿರುತ್ತವೆ. ಎಂಜಿನ್ ಕಡೆಯಿಂದ ಹೊರಕ್ಕೆ ಹಗುರವಾಗಿ ನೀರು ಹಾಯಿಸಿ ತೊಳೆಯಿರಿ. ಜೋರಾಗಿ ಹಾಯಿಸಿದರೆ ರೆಕ್ಕೆಗಳು ಮಡಚಿಹೋಗುತ್ತವೆ.

ರೇಡಿಯೇಟರ್ ಮುಚ್ಚಳದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಅದರ ಮೇಲೆ 0.9 ಎಂದು ಅಚ್ಚಾಗಿದ್ದರೆ, ಒಳಗಿನ ಒತ್ತಡವನ್ನು ಅಷ್ಟು ಬಾರ್‌ವರೆಗೆ ಹಿಡಿದಿಡುತ್ತದೆ ಎಂದರ್ಥ. ಆ ಒತ್ತಡದಲ್ಲಿ ಬರಿಯ ನೀರೂ ಸುಮಾರು 118 ಡಿಗ್ರಿವರೆಗೆ ಕುದಿಯುವುದಿಲ್ಲ. ರಬ್ಬರ್ ಬಿರುಕು ಬಿಟ್ಟರೆ ಆ ರಕ್ಷಣೆ ಹೋಯಿತು. ಮಡಿಕೇರಿಯಂಥ ಎತ್ತರದಲ್ಲಿ ಒತ್ತಡವಿಲ್ಲದ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಘಾಟಿ ಹತ್ತುವ ಮುನ್ನ ಆ ಚಿಕ್ಕ ರಬ್ಬರನ್ನು ಬೆರಳಿನಿಂದ ಮುಟ್ಟಿ ನೋಡಿ.

ಥರ್ಮೋಸ್ಟಾಟ್ ಎಂದರೆ ಎಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಕವಾಟ. ಅದನ್ನು ಕಿತ್ತೆಸೆಯುವ ಅಭ್ಯಾಸದ ಮೇಲೆ ನನಗೆ ನಿಜವಾದ ಸಿಟ್ಟಿದೆ. ಗಾಡಿ ಕಾದರೆ ಎಷ್ಟೋ ಕಡೆ ಮೊದಲು ಮಾಡುವ ಕೆಲಸ ಇದೇ. ಅದಿಲ್ಲದೆ ಎಂಜಿನ್ ಬೇಕಾದ ಬಿಸಿಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ, ಪೆಟ್ರೋಲ್ ಹೆಚ್ಚು ಸುಡುತ್ತದೆ, ಸವೆತವೂ ಹೆಚ್ಚು. ಅದು ಕೆಟ್ಟಿದೆಯೇ ಎಂದು ಅಡುಗೆಮನೆಯಲ್ಲೇ ನೋಡಬಹುದು. ಬಳಸದ ಪಾತ್ರೆಯಲ್ಲಿ ನೀರು ಹಾಕಿ, ಥರ್ಮೋಸ್ಟಾಟನ್ನು ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ಅದರ ಮೇಲೆ 82 ಎಂದಿದ್ದರೆ ಆ ಬಿಸಿಯ ಹೊತ್ತಿಗೆ ಬಾಯಿ ಬಿಡತೊಡಗಬೇಕು. ನೀರು ಕುದ್ದರೂ ಬಿಡದಿದ್ದರೆ ಹೊಸದು ತನ್ನಿ.

ದಾರಿಯಲ್ಲಿ ಮುಳ್ಳು ಏರತೊಡಗಿದರೆ ಎಸಿ ಆರಿಸಿ, ಹೀಟರ್ ಪೂರ್ತಿ ತೆರೆಯಿರಿ. ಸೆಕೆಯಲ್ಲಿ ಹೀಟರ್ ಎಂದರೆ ಕಷ್ಟವೇ, ಆದರೆ ಅದು ಎಂಜಿನ್ನಿನ ಶಾಖವನ್ನು ಒಳಗೆಳೆದುಕೊಂಡು ಪಕ್ಕದಲ್ಲಿ ನಿಲ್ಲಿಸುವಷ್ಟು ಹೊತ್ತು ಕೊಡುತ್ತದೆ. ಎಂಜಿನ್ ಆರಿಸಿ ಕನಿಷ್ಠ ಅರ್ಧ ಗಂಟೆ ಕಾಯಿರಿ. ಬಿಸಿ ಮುಚ್ಚಳ ತೆರೆಯಬೇಡಿ, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಲೋಹ ಸೀಳಬಹುದು. ಮೇಲಿನ ಹೋಸ್ ಪೈಪನ್ನು ಕೈಯಲ್ಲಿ ಹಿಡಿಯುವಷ್ಟು ತಣ್ಣಗಾದ ಮೇಲೆ, ದಪ್ಪ ಬಟ್ಟೆ ಹಾಕಿ ಮುಚ್ಚಳವನ್ನು ಸ್ವಲ್ಪವೇ ತಿರುಗಿಸಿ, ಒತ್ತಡ ಹೋಗಲು ಬಿಡಿ.

ನನ್ನ ಎಂಜಿನ್ ಬಿಚ್ಚಿ, ಬಾಗಿದ ಹೆಡ್ಡನ್ನು ಉಜ್ಜಿ ಸಮ ಮಾಡುವ ಹೆಡ್ ಫೇಸಿಂಗ್ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿಸಿದೆ. ಗಾಡಿ ಇಂದಿಗೂ ಓಡುತ್ತಿದೆ. ಭಾನುವಾರ ಈಗಲೂ ಬಾನೆಟ್ ಎತ್ತುತ್ತೇನೆ; ಕೈಯಲ್ಲಿ ಚೊಂಬಿನ ಬದಲು ಪೆನ್ಸಿಲ್ ಇರುತ್ತದೆ. ರಿಸರ್ವ್ ಟ್ಯಾಂಕಿನ ನೀರಿನ ಮಟ್ಟಕ್ಕೆ ಗೆರೆ ಎಳೆದು ದಿನಾಂಕ ಬರೆಯುತ್ತೇನೆ.

ಇನ್ನೊಂದು ಮಾತು ಉಳಿದಿದೆ. ತೆಗೆದ ಹಳೆಯ ಕೂಲಂಟನ್ನು ಚರಂಡಿಗೋ ಅಂಗಳಕ್ಕೋ ಚೆಲ್ಲಬೇಡಿ. ಅದು ಸಿಹಿಯಾಗಿರುತ್ತದೆ, ನಾಯಿ, ಬೆಕ್ಕು, ಕರು ನೆಕ್ಕಿದರೆ ಸಾಯುತ್ತವೆ. ಮಕ್ಕಳ ಕೈಗೂ ಸಿಗಬಾರದು. ಕ್ಯಾನಿನಲ್ಲಿ ತುಂಬಿ, ಬಿಗಿಯಾಗಿ ಮುಚ್ಚಿ, ಗ್ಯಾರೇಜಿಗೆ ಒಪ್ಪಿಸಿ.

ನಮಸ್ಕಾರ.