ರಿಪೋರ್ಟ್‌ನಲ್ಲಿ 68, ನಿಯಮದಲ್ಲಿ 2.5: ಮಗಳು ಓಡಬಹುದಾ?

[ತೆರೆ ಮೇಲೆ: ಲ್ಯಾಬ್ ರಿಪೋರ್ಟ್, ಹೆಸರು ಮರೆಮಾಡಿದೆ]

ನಮಸ್ಕಾರ. ಪುಣೆಯ ತಾಯಿಯೊಬ್ಬರ ಪ್ರಶ್ನೆ ಇದು. ಮಗಳು ಬಾಲೇವಾಡಿ ಟ್ರ್ಯಾಕ್‌ನಲ್ಲಿ 400 ಮೀಟರ್ ಓಡ್ತಾಳೆ. ಮುಟ್ಟು ಏರುಪೇರು, ಗಲ್ಲದ ಮೇಲೆ ಕೂದಲು; ಡಾಕ್ಟರು ಪಿಸಿಓಎಸ್, ಅಂದ್ರೆ ಅಂಡಾಶಯದ ಹಾರ್ಮೋನ್ ಏರುಪೇರಾಗೋ ತೊಂದರೆ ಇರಬಹುದು ಅಂದ್ರು. ಟೆಸ್ಟೋಸ್ಟೆರಾನ್ 68 ಬಂತು. ಅಥ್ಲೆಟಿಕ್ಸ್ ನಿಯಮದಲ್ಲಿ ಮಿತಿ 2.5 ಅಂತ ಓದಿ ಗಾಬರಿಯಾಗಿದ್ದಾರೆ: "ಇವಳನ್ನ ಓಡೋಕೆ ಬಿಡ್ತಾರಾ?"

ಬಿಡ್ತಾರೆ. ಆದ್ರೆ ಒಂದು ಮಾತ್ರೆ ಬಗ್ಗೆ ಹುಷಾರಾಗಿರ್ಬೇಕು. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಅಳತೆ. ನಮ್ಮ ಲ್ಯಾಬುಗಳು ಹೆಚ್ಚಾಗಿ ಕೊಡೋದು ಒಂದು ಡೆಸಿಲೀಟರಿಗೆ ಎಷ್ಟು ನ್ಯಾನೋಗ್ರಾಂ ಅಂತ. ಅಥ್ಲೆಟಿಕ್ಸ್ ನಿಯಮ ಮಾಡೋ ಜಾಗತಿಕ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ ಬರೆಯೋದು ಒಂದು ಲೀಟರಿಗೆ ಎಷ್ಟು ನ್ಯಾನೋಮೋಲ್ ಅಂತ. ಮೊದಲನೆಯದನ್ನ 28.84ರಿಂದ ಭಾಗಿಸಿ. 68 ಅನ್ನೋದು 2.36 ಆಯ್ತು. ಗಾಬರಿಯಲ್ಲಿ ಮುಕ್ಕಾಲು ಪಾಲು ಇಲ್ಲೇ ಇಳೀತು.

[ತೆರೆ ಮೇಲೆ: 68 ÷ 28.84 = 2.36]

ಈ 2.36 ಆದ್ರೂ ನಿಜವಾ? ಇಲ್ಲಿ ಸ್ವಲ್ಪ ನಿಲ್ಲೋಣ, ನನಗೆ ತುಂಬಾ ಇಷ್ಟವಾದ ಭಾಗ ಇದು. ಸಾಮಾನ್ಯ ಲ್ಯಾಬ್ ಯಂತ್ರ ಪ್ರತಿಕಾಯ ಬಳಸಿ ಟೆಸ್ಟೋಸ್ಟೆರಾನ್ ಹಿಡಿಯುತ್ತೆ. ಅದು ಮುಂಬೈನ ದಾದರ್ ಸೇತುವೆ ಮೇಲೆ ನಿಂತು ಬಿಳಿ ಶರ್ಟ್ ಕಂಡವರನ್ನೆಲ್ಲ "ಭಾವಾ!" ಅಂತ ಕರೆದ ಹಾಗೆ. ಡಿಎಚ್‌ಇಎ ಸಲ್ಫೇಟ್‌ನಂಥ ಹತ್ತಿರದ ಸ್ಟೀರಾಯ್ಡ್‌ಗಳೂ ತಿರುಗಿ ನೋಡ್ತವೆ. ಗಂಡಸರ ರಕ್ತದಲ್ಲಿ 8ರಿಂದ 29 ನ್ಯಾನೋಮೋಲ್ ಇರೋದ್ರಿಂದ ಈ ತಪ್ಪು ಗೊತ್ತೇ ಆಗಲ್ಲ. ಹೆಂಗಸರಲ್ಲಿ ಸಾಮಾನ್ಯವಾಗಿ 2ರ ಒಳಗೆ ಇರುತ್ತೆ, ಅಲ್ಲಿ ಅದೇ ತಪ್ಪು ದೊಡ್ಡದು.

ಇನ್ನೂ ಒಂದಿದೆ: ಕೂದಲಿಗೆ ಅಂತ ತಿನ್ನೋ ವಿಟಮಿನ್, ಬಯೋಟಿನ್. ದೇಹಕ್ಕೆ ದಿನಕ್ಕೆ ಬೇಕಾಗಿರೋದು 30-40 ಮೈಕ್ರೋಗ್ರಾಂ, ಮಾತ್ರೆಯಲ್ಲಿ ಇರೋದು 10 ಮಿಲಿಗ್ರಾಂವರೆಗೆ. ಕೆಲವು ಯಂತ್ರಗಳಲ್ಲಿ ಪರೀಕ್ಷೆಯ ಭಾಗಗಳನ್ನ ಹಿಡಿದಿಡೋ ಕೊಂಡಿಯೇ ಬಯೋಟಿನ್. ರಕ್ತದಲ್ಲಿ ಅದು ತುಂಬಿದ್ರೆ ಕೊಂಡಿ ಕೂರೋ ಜಾಗ ಭರ್ತಿ, ಸಿಗ್ನಲ್ ಕಡಿಮೆ. ಈ ಪರೀಕ್ಷೆಯಲ್ಲಿ ಸಿಗ್ನಲ್ ಕಡಿಮೆ ಆದಷ್ಟೂ ಹಾರ್ಮೋನ್ ಜಾಸ್ತಿ ಅಂತ ಲೆಕ್ಕ! ಕೂದಲಿಗೆ ತಿಂದಿದ್ದು ರಿಪೋರ್ಟಿಗೆ ಬಂತು.

ಹಾಗಾಗಿ ಬಯೋಟಿನ್ ಎರಡು-ಮೂರು ದಿನ ಮೊದಲೇ ನಿಲ್ಲಿಸಿ. ಮುಟ್ಟಿನ 2ರಿಂದ 5ನೇ ದಿನದೊಳಗೆ, ಬೆಳಿಗ್ಗೆ 8ರಿಂದ 10ರ ನಡುವೆ ರಕ್ತ ಕೊಡಿ. "ಎಲ್‌ಸಿ-ಎಂಎಸ್/ಎಂಎಸ್ ವಿಧಾನದಲ್ಲಿ ಮಾಡ್ತೀರಾ?" ಅಂತ ಲ್ಯಾಬಿನವರನ್ನ ಕೇಳಿ. ಅದು ಅಣುವಿನ ತೂಕ ನೋಡಿ ಗುರುತು ಹಿಡಿಯುತ್ತೆ.

ಈಗ ನಿಯಮ, ಓಡ್ತಾ ಓಡ್ತಾ. 2011ರಲ್ಲಿ ಮಿತಿ ಲೀಟರಿಗೆ 10 ನ್ಯಾನೋಮೋಲ್. 2014ರಲ್ಲಿ ನಮ್ಮ ಓಟಗಾರ್ತಿ ದ್ಯುತಿ ಚಂದ್ ಅವರನ್ನ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ ತಂಡದಿಂದ ಕೈಬಿಟ್ರು. ಅವರು ಕ್ರೀಡಾ ನ್ಯಾಯಮಂಡಳಿಗೆ ಹೋಗಿ 2015ರಲ್ಲಿ ಆ ನಿಯಮಕ್ಕೇ ತಡೆ ತಂದ್ರು. 2018ರಲ್ಲಿ 5ರ ಮಿತಿ, 400 ಮೀಟರ್‌ನಿಂದ ಒಂದು ಮೈಲಿವರೆಗಿನ ಓಟಕ್ಕೆ. ಅದನ್ನ ಪ್ರಶ್ನಿಸಿದ ದಕ್ಷಿಣ ಆಫ್ರಿಕಾದ ಓಟಗಾರ್ತಿ ಕಾಸ್ಟರ್ ಸೆಮೆನ್ಯಾ 2019ರಲ್ಲಿ ಅದೇ ನ್ಯಾಯಮಂಡಳಿಯಲ್ಲಿ ಸೋತ್ರು. 2023ರಲ್ಲಿ 2.5, ಎಲ್ಲ ಸ್ಪರ್ಧೆಗೂ, ಅದೂ 24 ತಿಂಗಳು ಅದಕ್ಕಿಂತ ಕೆಳಗೇ ಇರಬೇಕು. ಆದ್ರೆ ಆ 2.5 ಇದ್ದಿದ್ದು ಎಕ್ಸ್‌ವೈ ವರ್ಣತಂತುಗಳಿದ್ದು ಲೈಂಗಿಕ ಬೆಳವಣಿಗೆಯಲ್ಲಿ ವ್ಯತ್ಯಾಸ ಇರೋ ಓಟಗಾರ್ತಿಯರಿಗೆ. ಪಿಸಿಓಎಸ್ ಇರೋರಿಗೆ ಅಲ್ಲವೇ ಅಲ್ಲ.

2025ರ ಸೆಪ್ಟೆಂಬರ್ 1ರಿಂದ ಬಾಗಿಲೇ ಬೇರೆ. ವಿಶ್ವ ರ್‍ಯಾಂಕಿಂಗ್ ಲೆಕ್ಕಕ್ಕೆ ಬರೋ ಕೂಟಗಳ ಮಹಿಳಾ ವಿಭಾಗಕ್ಕೆ ಎಸ್‌ಆರ್‌ವೈ ಜೀನ್ (ವೈ ವರ್ಣತಂತುವಿನಲ್ಲಿರೋ, ಗಂಡು ಬೆಳವಣಿಗೆ ಶುರು ಮಾಡಿಸೋ ಜೀನ್) ಪರೀಕ್ಷೆ: ಕೆನ್ನೆ ಒಳಗಿನ ಸ್ವ್ಯಾಬ್ ಇಲ್ಲಾ ರಕ್ತ, ಜೀವನದಲ್ಲಿ ಒಮ್ಮೆ. ಹೊಸದೇನಲ್ಲ. 1996ರ ಅಟ್ಲಾಂಟಾದಲ್ಲಿ 3387 ಮಹಿಳೆಯರಲ್ಲಿ 8 ಮಂದಿಗೆ ಪಾಸಿಟಿವ್ ಬಂತು, ಎಂಟೂ ಜನರನ್ನ ಆಡೋಕೆ ಬಿಟ್ರು. ಜೀನ್ ಇದ್ದರೂ ದೇಹ ಟೆಸ್ಟೋಸ್ಟೆರಾನ್‌ಗೆ ಸ್ಪಂದಿಸದೇ ಇರಬಹುದು, ಸ್ವ್ಯಾಬ್‌ಗೆ ಅದು ಕಾಣಲ್ಲ. ಪಾಸಿಟಿವ್ ಬಂದ ಹುಡುಗಿಗೆ ತಜ್ಞ ವೈದ್ಯರು ಸಿಗೋ ಮೊದಲು ಪತ್ರಕರ್ತರು ಸಿಕ್ಕರೆ ಅದು ವ್ಯವಸ್ಥೆಯ ಸೋಲು, ನನ್ನ ಮಟ್ಟಿಗಂತೂ.

ಎಡಿಟರ್ ಗಡಿಯಾರ ತೋರಿಸ್ತಿದ್ದಾರೆ. ಉಳಿದಿದ್ದು ಒಂದೇ ಉಸಿರಲ್ಲಿ.

[ತೆರೆ ಮೇಲೆ: ಸ್ಪೈರೊನೊಲ್ಯಾಕ್ಟೋನ್]

ಗಲ್ಲದ ಕೂದಲಿಗೆ ಡಾಕ್ಟರು ಬರೆಯೋ ಮಾತ್ರೆ ಇದು. ಮೂತ್ರ ಹೆಚ್ಚಿಸೋ ಔಷಧಿ ಅನ್ನೋ ಕಾರಣಕ್ಕೆ ಉದ್ದೀಪನ ಮದ್ದು ತಡೆಯೋ ಜಾಗತಿಕ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿದೆ, ಸ್ಪರ್ಧೆ ಇಲ್ಲದ ದಿನಗಳಲ್ಲೂ. ಅಂಡಾಣು ಬಿಡುಗಡೆಗೆ ಕೊಡೋ ಲೆಟ್ರೋಜೋಲ್, ಕ್ಲೋಮಿಫೀನ್ ಕೂಡ ಆ ಪಟ್ಟಿಯಲ್ಲಿವೆ, ಕಾರಣ ಮಾತ್ರ ಬೇರೆ. 68 ಅನ್ನೋ ಸಂಖ್ಯೆ ಮಗಳನ್ನ ಟ್ರ್ಯಾಕ್‌ನಿಂದ ಆಚೆ ಹಾಕಲ್ಲ, ಅದಕ್ಕೆ ನುಂಗಿದ ಮಾತ್ರೆ ಹಾಕಬಹುದು. ಗರ್ಭನಿರೋಧಕ ಮಾತ್ರೆ, ಮೆಟ್‌ಫಾರ್ಮಿನ್ ನಿಷೇಧದಲ್ಲಿಲ್ಲ. ಚೀಟಿ ಬರೆಸೋವಾಗಲೇ "ಇವಳು ಅಥ್ಲೀಟ್" ಅಂತ ಹೇಳಿ. ನಿಷೇಧಿತ ಔಷಧಿಯೇ ಬೇಕು ಅಂದ್ರೆ, ಮಾತ್ರೆ ಶುರು ಮಾಡೋ ಮೊದಲು ನಮ್ಮ ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾದಲ್ಲಿ ಟಿಯುಇ, ಅಂದ್ರೆ ಚಿಕಿತ್ಸೆಗಾಗಿ ವಿನಾಯಿತಿ ಕೇಳೋ ಅರ್ಜಿ ಹಾಕಿ. ಸ್ಕ್ಯಾನ್, ಹಾರ್ಮೋನ್ ರಿಪೋರ್ಟ್, ಬೇರೆ ಔಷಧಿ ಯಾಕೆ ಸಾಲಲ್ಲ ಅಂತ ಡಾಕ್ಟರ ಪತ್ರ, ಮೂರೂ ಜೊತೆಗಿರಲಿ.