ತೂಕ ಅಷ್ಟೇ ಇದೆ, ಸೊಂಟ ಯಾಕೆ ದಪ್ಪ ಆಯ್ತು?

[ದೃಶ್ಯ: ಹೊಲಿಗೆ ಡಬ್ಬಿಯಿಂದ ಟೇಪು ತೆಗೆಯುವ ಕೈ]

ನಮಸ್ಕಾರ. ಮುಂದೆ ನೋಡುವ ಮೊದಲು ಒಂದು ಕೆಲಸ ಮಾಡಿ. ಬ್ಲೌಸ್ ಅಳತೆಗೆ ಅಂತ ಮನೆಯಲ್ಲಿ ಒಂದು ಟೇಪು ಇರುತ್ತದಲ್ಲ, ಅದನ್ನು ತಗೊಂಡು ಬನ್ನಿ. ತೂಕದ ಮಷಿನ್ ಬೇಡ.

ಬಂತಾ? ಪಕ್ಕೆಲುಬು ಮುಗಿಯುವ ಜಾಗ ಕೈಗೆ ಸಿಗುತ್ತದೆ. ಕೆಳಗೆ ಸೊಂಟದ ಮೂಳೆಯ ಮೇಲ್ತುದಿ ಸಿಗುತ್ತದೆ. ಇವೆರಡರ ನಡುಮಧ್ಯದಲ್ಲಿ ಟೇಪು ಸುತ್ತಿ. ಸೀರೆಯ ಮೇಲಲ್ಲ, ಮೈಮೇಲೆ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಯಾರೂ ಫೋಟೋ ತೆಗೆಯುತ್ತಿಲ್ಲ! ಉಸಿರು ಮೆಲ್ಲಗೆ ಹೊರಗೆ ಬಿಟ್ಟು ನೋಡಿ. ನಮ್ಮ ಕಡೆಯ ಹೆಂಗಸರಿಗೆ ದಾಟಬಾರದ ಗೆರೆ ಇರುವುದು 80 ಸೆಂಟಿಮೀಟರ್‌ಗೆ. ಹತ್ತಿರ ಹತ್ತಿರ 31.5 ಇಂಚು.

ಜಾಸ್ತಿ ಬಂತಾ? ಗೊತ್ತೇ ಆಗಿರಲಿಲ್ಲ ಅಲ್ವಾ? ಪ್ಯಾಂಟ್ ಹಾಕುವವರಿಗೆ ಬಟನ್ನೇ ಹೇಳಿಬಿಡುತ್ತದೆ. ಲಂಗದ ಲಾಡಿ ಏನೂ ಹೇಳುವುದಿಲ್ಲ. ಸ್ವಲ್ಪ ಸ್ವಲ್ಪವೇ ಸಡಿಲ ಬಿಟ್ಟು ಗಂಟು ಹಾಕಿಕೊಳ್ಳುತ್ತಾ ಹೋಗುತ್ತೇವೆ. ನೈಟಿಯ ವಿಷಯ ಕೇಳಲೇಬೇಡಿ.

[ದೃಶ್ಯ: ಲ್ಯಾಬ್ ರಿಪೋರ್ಟ್, ಒಂದೊಂದೇ ಸಾಲಿನ ಮೇಲೆ ಬೆರಳು]

ಈಗ ಹಳೇ ಲ್ಯಾಬ್ ರಿಪೋರ್ಟ್ ತೆಗೆಯಿರಿ. ರಕ್ತದಲ್ಲಿನ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್, 150 ಅಥವಾ ಜಾಸ್ತಿ ಇದೆಯಾ? ಒಳ್ಳೆ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ 50ಕ್ಕಿಂತ ಕಮ್ಮಿಯಾ? ಬರೀ ಹೊಟ್ಟೆಯ ಶುಗರ್ 100 ಮುಟ್ಟಿದೆಯಾ? ಬಿಪಿಯಲ್ಲಿ ಮೇಲಿನದು 130 ಅಥವಾ ಕೆಳಗಿನದು 85 ತಲುಪಿದೆಯಾ? ಸೊಂಟದ ಅಳತೆಯೂ ಸೇರಿ ಒಟ್ಟು ಐದು. ಇದರಲ್ಲಿ ಮೂರಕ್ಕೆ ಹೌದು ಅಂದರೆ ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಒಂದೊಂದನ್ನೇ ನೋಡಿದರೆ 'ಬಾರ್ಡರ್‌ನಲ್ಲಿದೆ ಬಿಡಿ' ಅನ್ನಿಸುತ್ತದೆ. ಮೂರು ಬಾರ್ಡರ್ ಒಟ್ಟಿಗೆ ಸೇರಿದರೆ ಸಕ್ಕರೆ ಕಾಯಿಲೆಗೂ ಹೃದಯದ ತೊಂದರೆಗೂ ದಾರಿ ಹತ್ತಿರವಾಗುತ್ತದೆ.

ಇದು ನಲವತ್ತೈದರ ಮೇಲೆ ಯಾಕೆ ಶುರುವಾಗುತ್ತದೆ? ನಮ್ಮಲ್ಲಿ ಮುಟ್ಟು ನಿಲ್ಲುವುದು ಹೆಚ್ಚಾಗಿ 46-47ರ ಆಸುಪಾಸಿನಲ್ಲಿ. ಆಗ ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನ್ ಇಳಿಯುತ್ತದೆ. ಅಲ್ಲಿಯವರೆಗೆ ತೊಡೆ, ಪೃಷ್ಠದಲ್ಲಿ ಕೂರುತ್ತಿದ್ದ ಕೊಬ್ಬು ಹೊಟ್ಟೆಯೊಳಗೆ, ಕರುಳು ಲಿವರ್‌ಗಳ ಸುತ್ತ ಜಾಗ ಹಿಡಿಯುತ್ತದೆ. ಅದೇ ಹೊತ್ತಿಗೆ ಮಾಂಸಖಂಡ ಕರಗುತ್ತಿರುತ್ತದೆ. ಒಂದು ಕಡೆ ಕೂಡಿತು, ಇನ್ನೊಂದು ಕಡೆ ಕಳೆಯಿತು. ಮಷಿನ್ ಮಾತ್ರ ಹಳೇ ತೂಕವನ್ನೇ ತೋರಿಸುತ್ತದೆ. ಅದಕ್ಕೇ ನಾನು ಟೇಪು ತರಲು ಹೇಳಿದ್ದು.

[ದೃಶ್ಯ: ಮಧ್ಯಾಹ್ನ ಎರಡೂವರೆ, ಎಲ್ಲರೂ ಉಂಡೆದ್ದ ಮೇಲಿನ ಅಡುಗೆಮನೆ]

ಈ ಪಾತ್ರೆಗಳನ್ನು ನೋಡಿ. ಹುರುಳಿಕಾಯಿ ಪಲ್ಯ ಖಾಲಿ, ತಳದಲ್ಲಿ ಒಗ್ಗರಣೆ ಮಾತ್ರ ಉಳಿದಿದೆ. ಸಾರಿನಲ್ಲಿ ಬೇಳೆ ಇಲ್ಲ, ತಿಳಿ ಇದೆ. ಅನ್ನ ಮಾತ್ರ ಬೇಕಾದಷ್ಟಿದೆ. ಚೆಲ್ಲುವುದಕ್ಕೆ ಮನಸ್ಸು ಬರದೆ ಅದನ್ನೂ ಬಡಿಸಿಕೊಂಡು, ಉಪ್ಪಿನಕಾಯಿ ನೆಂಚಿಕೊಂಡು ಮುಗಿಸುತ್ತೇವೆ. ನನ್ನ ಪ್ರಕಾರ ನಮ್ಮ ಮನೆಗಳಲ್ಲಿ ಹೆಂಗಸರ ಸೊಂಟದ ಕಥೆ ಅರ್ಧ ಇಲ್ಲೇ ಇದೆ. ಡಯಟ್ ಚಾರ್ಟ್ ಆಮೇಲೆ ನೋಡೋಣ. ಮೊದಲು ನಿಮ್ಮ ಪಾಲಿನ ಪಲ್ಯ, ಕಾಳು ತೆಗೆದಿಟ್ಟು ಆಮೇಲೆ ಬಡಿಸಿ.

ತಟ್ಟೆಯಲ್ಲಿ ಅರ್ಧ ತರಕಾರಿ, ಸೊಪ್ಪು ಇರಲಿ. ಉಳಿದ ಅರ್ಧದಲ್ಲಿ ಕಾಳು, ಮೊಸರು, ಮೊಟ್ಟೆ ಅಥವಾ ಮೀನಿಗೆ ಜಾಗ ಕೊಟ್ಟು, ಮಿಕ್ಕಿದ್ದರಲ್ಲಿ ಅನ್ನ ಅಥವಾ ಮುದ್ದೆ. ರಾಗಿ ಒಳ್ಳೆಯದು ಅಂತ ದೊಡ್ಡ ಮುದ್ದೆ ನುಂಗಿದರೂ ಅದು ಹಿಟ್ಟೇ. 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ. ಅಷ್ಟೇ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ. ಮುದ್ದೆ ಚಿಕ್ಕದಾಗಲಿ, ಬಸ್ಸಾರಿನ ಪಲ್ಯ ದೊಡ್ಡದಾಗಲಿ. ನಮ್ಮ ಅಜ್ಜಿಯರು ಮುದ್ದೆಯನ್ನೇ ಉಂಡರು ಅಂತೀರಾ? ಅವರು ಕಳೆಯನ್ನೂ ಕಿತ್ತರು.

ಸಕ್ಕರೆ ದಿನಕ್ಕೆ 25 ಗ್ರಾಂ ದಾಟದಿದ್ದರೆ ಒಳ್ಳೆಯದು. ಮೂರು ಲೋಟ ಕಾಫಿಗೆ ಎರಡೆರಡು ಚಮಚ ಹಾಕಿದರೆ ಅಷ್ಟು ಆಗಿಹೋಯಿತು. ಬೆಲ್ಲವೂ ಇದೇ ಲೆಕ್ಕಕ್ಕೆ ಬರುತ್ತದೆ. ಇನ್ನು ಶನಿವಾರದ ಒಪ್ಪತ್ತು ಅಂದರೆ ಅನ್ನ ಬಿಟ್ಟು ಎರಡು ಸಲ ಉಪ್ಪಿಟ್ಟು. ಅದರ ಬಗ್ಗೆ ನಾನೇನೂ ಹೇಳುವುದಿಲ್ಲ.

[ದೃಶ್ಯ: ಕೈ ಇಲ್ಲದ ಗಟ್ಟಿ ಕುರ್ಚಿ, ಗೋಡೆಗೆ ಒರಗಿಸಿದ್ದು]

'ಮನೆಕೆಲಸವೇ ಸಾಕಷ್ಟಿದೆ, ವ್ಯಾಯಾಮ ಬೇರೆ ಬೇಕಾ?' ಬೇಕು. ಸ್ಟವ್ ಮುಂದೆ ನಿಂತರೆ ಕಾಲು ನೋಯುತ್ತದೆ, ಏದುಸಿರು ಬರುವುದಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಿರಿ. ಮಾತಾಡುವಷ್ಟು ಉಸಿರಿರಬೇಕು, ಹಾಡುವಷ್ಟು ಇರಬಾರದು. ವಾಕಿಂಗ್ ಮುಗಿಸಿ ಸೀದಾ ದರ್ಶಿನಿಗೆ ಹೋಗುವ ಗುಂಪು ನಿಮ್ಮದಾದರೆ ಗುಂಪು ಬದಲಿಸಿ! ಊಟ ಆದ ಮೇಲೆ ಹತ್ತು ನಿಮಿಷ ಮನೆಯ ಮುಂದೆ ಅಡ್ಡಾಡಿದರೂ ಶುಗರ್ ಅಷ್ಟು ಏರುವುದಿಲ್ಲ. ನಡೆಯುವ ಕಾಲಿನ ಮಾಂಸಖಂಡ ಅದನ್ನು ಹೀರಿಕೊಳ್ಳುತ್ತದೆ.

ಹೀರಿಕೊಳ್ಳಲು ಮಾಂಸಖಂಡ ಉಳಿದಿರಬೇಕಲ್ಲ? ಬರೀ ವಾಕಿಂಗ್ ಸಾಲದು ಅನ್ನುವುದು ಅದಕ್ಕೇ. ವಾರಕ್ಕೆ ಎರಡು ದಿನವಾದರೂ ಭಾರದ ಕೆಲಸ ಬೇಕು. ಈ ಕುರ್ಚಿಯಲ್ಲಿ ಕೂತು, ಕೈಯನ್ನು ಎದೆಗೆ ಕಟ್ಟಿಕೊಂಡು ಎದ್ದೇಳಿ. ಕೂರುವಾಗ ದೊಪ್ಪನೆ ಬೀಳಬೇಡಿ, ಮೂರು ಎಣಿಸುತ್ತಾ ಇಳಿಯಿರಿ. ಹತ್ತು ಸಲ, ಸುಧಾರಿಸಿಕೊಂಡು ಮತ್ತೆ ಹತ್ತು ಸಲ. ಆಮೇಲೆ ಗೋಡೆಗೆ ಅಂಗೈ ಊರಿ ದಂಡೆ, ಅಂದರೆ ಪುಶ್‌ಅಪ್. ಒಂದು ಲೀಟರ್ ನೀರಿನ ಬಾಟಲಿ ಎತ್ತಿದರೆ ಒಂದು ಕೆಜಿ ಎತ್ತಿದ ಹಾಗೆ. ಮಂಡಿ ತೀರಾ ನೋವಿದ್ದರೆ, ನಡೆಯುವಾಗ ಎದೆ ಹಿಡಿದ ಹಾಗಾದರೆ, ಬಿಪಿ-ಶುಗರ್ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲು ಡಾಕ್ಟರ್ ಹತ್ತಿರ ಮಾತಾಡಿ.

ಇದೆಲ್ಲ ನಿಜವಾಗಲೂ ಕೆಲಸ ಮಾಡುತ್ತಾ? 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಶುಗರ್ ಬಾರ್ಡರ್‌ನಲ್ಲಿದ್ದ 3,234 ಜನ, ಸರಾಸರಿ ವಯಸ್ಸು 51, ಮೂರರಲ್ಲಿ ಎರಡು ಪಾಲು ಹೆಂಗಸರು. ಊಟ ತಿದ್ದಿಕೊಂಡು, ವಾರಕ್ಕೆ 150 ನಿಮಿಷ ಮೈ ದಣಿಸಿದವರಲ್ಲಿ ಸಕ್ಕರೆ ಕಾಯಿಲೆ ಶುರುವಾಗುವುದು ಶೇ. 58ರಷ್ಟು ಕಮ್ಮಿಯಾಯಿತು. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ತಗೊಂಡವರಲ್ಲಿ ಶೇ. 31. ಊಟ ತಿದ್ದಿಕೊಂಡು ಮೈ ದಣಿಸಿದವರ ತೂಕವೂ ಇಳಿದಿತ್ತು, ನಿಜ. ಆದರೆ 2006ರಲ್ಲಿ ನಮ್ಮದೇ ದೇಶದ ಅಧ್ಯಯನ ಬಂತು. ಅದರಲ್ಲಿ ಗಂಡಸರೇ ಜಾಸ್ತಿ ಇದ್ದರು. ಊಟ, ನಡಿಗೆ ತಿದ್ದಿಕೊಂಡವರಲ್ಲಿ ತೂಕ ಹೆಚ್ಚೇನೂ ಇಳಿಯದಿದ್ದರೂ ಸಕ್ಕರೆ ಕಾಯಿಲೆಯ ಅಪಾಯ ಶೇ. 28.5ರಷ್ಟು ತಗ್ಗಿತ್ತು.

[ದೃಶ್ಯ: ಅಡುಗೆಮನೆ ಗೋಡೆಯ ಕ್ಯಾಲೆಂಡರ್, ಮೊಳೆಗೆ ನೇತುಹಾಕಿದ ಟೇಪು]

ಟೇಪನ್ನು ಮತ್ತೆ ಹೊಲಿಗೆ ಡಬ್ಬಿಗೆ ಹಾಕಬೇಡಿ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ತಾರೀಕು ಬರೆಯುವ ಕ್ಯಾಲೆಂಡರ್‌ನಲ್ಲೇ ಇವತ್ತಿನ ಅಳತೆ ಬರೆಯಿರಿ. ಮುಂದಿನ ಅಳತೆ ಮುಂದಿನ ತಿಂಗಳು ಇದೇ ತಾರೀಕು, ಬೆಳಗ್ಗೆ, ಕಾಫಿಗೆ ಮುಂಚೆ.