ಹದಿನಾಲ್ಕರ ಎತ್ತರ, ಹದಿನೆಂಟರ ಎತ್ತರ

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಶಿಕ್ಷಕರಿಗೆ, ಆಶಾ ಕಾರ್ಯಕರ್ತೆಯರಿಗೆ, ಕರಾವಳಿಯ ಬುಡಕಟ್ಟಾದ ಕೊರಗ ಸಮುದಾಯದ ಯುವಜನರಿಗೆ ನಮಸ್ಕಾರ.

ತಲೆಮಾರಿನಿಂದ ತಲೆಮಾರಿಗೆ ಮಕ್ಕಳ ಎತ್ತರ ಏರುತ್ತಿದೆಯೇ ಎಂದು ನೋಡಿದರೆ ಆ ಸಮುದಾಯದ ಊಟ, ನೀರು, ಕಾಯಿಲೆ, ದುಡಿಮೆಗಳ ಲೆಕ್ಕವೇ ಸಿಗುತ್ತದೆ. ಚೀನಾ ಈ ಲೆಕ್ಕವನ್ನು 1985ರಿಂದ ಇಡುತ್ತಾ ಬಂದಿದೆ. ಅಲ್ಲಿನ ರಾಷ್ಟ್ರೀಯ ವಿದ್ಯಾರ್ಥಿ ಸಮೀಕ್ಷೆಯಲ್ಲಿ 7ರಿಂದ 18 ವರ್ಷದವರನ್ನು ಅಳೆದು, ಬಹುಸಂಖ್ಯಾತ ಹಾನ್ ಜನರ ಜೊತೆಗೆ ಅಲ್ಪಸಂಖ್ಯಾತ ಜನಾಂಗಗಳ ಅಂಕಿಗಳನ್ನೂ ಬೇರೆಯಾಗಿ ದಾಖಲಿಸುತ್ತಾರೆ. ಒಟ್ಟಾರೆ ಎತ್ತರ ಏರಿದೆ. ಆದರೂ ನೈಋತ್ಯದ ಬೆಟ್ಟಸೀಮೆಯ ಹಲವು ಗುಂಪುಗಳು ಹಿಂದೆಯೇ ಇವೆ. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 5 ವರ್ಷದೊಳಗಿನವರನ್ನು ಅಳೆದು ಒಮ್ಮೆಲೇ 15ಕ್ಕೆ ಹಾರುತ್ತದೆ. 2016–18ರ ಪೋಷಣಾ ಸಮೀಕ್ಷೆ 19ರವರೆಗೂ ಅಳೆಯಿತು ನಿಜ, ಆದರೆ ರಾಜ್ಯಮಟ್ಟದ ಮಾದರಿಯಲ್ಲಿ ಕೊರಗರಂಥ ಸಣ್ಣ ಸಮುದಾಯ ಕಾಣಿಸುವುದೇ ಇಲ್ಲ. ಅಳೆಯಬೇಕಾದವರು ನಾವೇ.

'ಕೊರಗರು ಇರುವುದೇ ಗಿಡ್ಡ' ಎಂಬ ಮಾತನ್ನು ದಯವಿಟ್ಟು ಬಿಡಿ. ಗ್ವಾಟೆಮಾಲಾದ ಮಾಯಾ ಜನರ ವಿಷಯದಲ್ಲೂ ಹಾಗೆಯೇ ಹೇಳುತ್ತಿದ್ದರು. ಅಮೆರಿಕಕ್ಕೆ ವಲಸೆ ಹೋದ ಮಾಯಾ ಕುಟುಂಬಗಳ ಮಕ್ಕಳು ಅದೇ ವಯಸ್ಸಿನ ಊರಿನ ಮಕ್ಕಳಿಗಿಂತ ಸರಾಸರಿ ಸುಮಾರು 11 ಸೆಂ.ಮೀ. ಎತ್ತರ ಇದ್ದರು. ಇಷ್ಟು ಬೇಗ ವಂಶವಾಹಿ ಬದಲಾಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಎಡವುವುದು ವಯಸ್ಸಿನ ವಿಷಯದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ 2007ರ ಕೋಷ್ಟಕದ ಪ್ರಕಾರ ಹುಡುಗರ ಎತ್ತರದ ಮಧ್ಯಾಂಕ 13ಕ್ಕೆ 156.0, 14ಕ್ಕೆ 163.2 ಸೆಂ.ಮೀ. ಒಂದೇ ವರ್ಷಕ್ಕೆ 7 ಸೆಂ.ಮೀ.! ಈ ತಲೆಮಾರು ಒಂದು ವರ್ಷ ಬೇಗ ಪ್ರಾಯಕ್ಕೆ ಬಂದಿದ್ದರೆ 14ರ ಸರಾಸರಿ ಹಲವು ಸೆಂ.ಮೀ. ಜಿಗಿದೀತು. 18ಕ್ಕೆ ಬಂದಾಗ ಅಪ್ಪಂದಿರ ಎತ್ತರದಲ್ಲೇ ನಿಂತಿರಬಹುದು. ಆದ್ದರಿಂದ ಎರಡೂ ವಯಸ್ಸಿನಲ್ಲಿ ಅಳೆಯಿರಿ. ಹುಡುಗಿಯರಲ್ಲಿ ಮೊದಲ ಮುಟ್ಟಿನ ವಯಸ್ಸನ್ನು ಆಶಾ ಕಾರ್ಯಕರ್ತೆಯೇ ಪ್ರತ್ಯೇಕವಾಗಿ ಕೇಳಿ ಬರೆದುಕೊಳ್ಳಲಿ. ಶಾಲಾ ದಾಖಲೆಯಲ್ಲಿ ಹಲವರ ಜನ್ಮದಿನ ಜೂನ್ 1 ಎಂದಿದ್ದರೆ ನಂಬಬೇಡಿ, ತಾಯಿ ಕಾರ್ಡ್ ಅಥವಾ ಜನನ ಪ್ರಮಾಣಪತ್ರ ನೋಡಿ. 13ರ ಹುಡುಗನನ್ನು 14 ಎಂದು ಬರೆದರೆ ಏನೂ ಕೊರತೆಯಿಲ್ಲದ ಮಗು ಕಾಗದದ ಮೇಲೆ 7 ಸೆಂ.ಮೀ. ಕುಗ್ಗುತ್ತದೆ.

ಅಳತೆಯ ಕ್ರಮ ಗೊತ್ತಿದ್ದದ್ದೇ: ಬರಿಗಾಲು, ಹಿಮ್ಮಡಿ ಜೋಡಿಸಿ, ಕಣ್ಣಿನ ಕೆಳಗಿನ ಎಲುಬಿನ ಅಂಚು ಮತ್ತು ಕಿವಿರಂಧ್ರದ ಮೇಲಂಚು ಒಂದೇ ಸಮತಲದಲ್ಲಿ, 0.1 ಸೆಂ.ಮೀ.ವರೆಗೆ ಓದು. ಎರಡು ಸಲ ಅಳೆಯಿರಿ, 0.5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೇ ಸಲ. ಕೆಡುವುದು ಸಣ್ಣ ಸಂಗತಿಗಳಲ್ಲಿ. ನಮ್ಮ ಹಳೆಯ ಶಾಲೆಗಳ ಗೋಡೆಯ ಬುಡದಲ್ಲಿ ಸಿಮೆಂಟಿನ ಪಟ್ಟಿ ಮುಂದೆ ಬಂದಿರುತ್ತದೆ, ಹಿಮ್ಮಡಿ ಗೋಡೆಗೆ ತಾಗುವುದೇ ಇಲ್ಲ. ಬಾಗಿಲ ಚೌಕಟ್ಟಿನ ಪಕ್ಕದ ಸಪಾಟಾದ ಜಾಗ ಹುಡುಕಿ. ನೆತ್ತಿಗೆ ಎತ್ತಿ ಕಟ್ಟಿದ ಜಡೆ, ಕ್ಲಿಪ್ಪು, ಮಲ್ಲಿಗೆ ದಂಡೆ ತೆಗೆಸಿ. ಬೆಳಿಗ್ಗೆಯಿಂದ ಸಂಜೆಯೊಳಗೆ ಬೆನ್ನೆಲುಬಿನ ಬಿಲ್ಲೆಗಳು ಅದುಮಿ ಸುಮಾರು 1 ಸೆಂ.ಮೀ. ಕಡಿಮೆಯಾಗುತ್ತದೆ. ಹತ್ತು ವರ್ಷದಲ್ಲಿ ಸಮುದಾಯದ ಎತ್ತರ ಏರುವುದೇ ಸಾಮಾನ್ಯವಾಗಿ 1–2 ಸೆಂ.ಮೀ.; ಹಿಂದಿನ ಸಲ ಬೆಳಿಗ್ಗೆ, ಈ ಸಲ ಸಂಜೆ ಅಳೆದರೆ ಒಂದು ದಶಕದ ಬೆಳವಣಿಗೆಯೇ ಅಳಿಸಿಹೋದೀತು.

18ರವರನ್ನು ಪಿಯು ಕಾಲೇಜಿನಲ್ಲಿ ಮಾತ್ರ ಹುಡುಕಬೇಡಿ. ಅಲ್ಲಿ ಸಿಗುವವರು ಓದು ಮುಂದುವರಿಸಲು ಸಾಧ್ಯವಾದವರು. ಬಿಟ್ಟವರು ಕೆಲಸಕ್ಕೆ ಹೋಗಿರುತ್ತಾರೆ, ಅವರ ಕೊರತೆಯೇ ಹೆಚ್ಚಿರಬಹುದು. ಭಾನುವಾರ ಬೆಳಿಗ್ಗೆ ಕಾಲೋನಿಗಳಿಗೇ ಹೋಗಿ, ಒಪ್ಪಿಗೆ ಕೇಳಿ ಅಳೆಯಿರಿ, ಅಳತೆಯ ಚೀಟಿಯನ್ನು ಅವರ ಕೈಗೂ ಕೊಡಿ.

ಹಳೆಯ ಅಂಕಿಯಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ನಲವತ್ತೈದರವರೆಗೆ ವಯಸ್ಕರ ಎತ್ತರ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಇಂದು 25ರಿಂದ 45ರವರನ್ನು ಅಳೆದು ಹುಟ್ಟಿದ ವರ್ಷದ ಪ್ರಕಾರ ವಿಂಗಡಿಸಿದರೆ ಹಿಂದಿನ ಎರಡು ದಶಕಗಳ ರೇಖೆ ಸಿಗುತ್ತದೆ. ಕೊರಗರನ್ನು ಕೂಲಿ ಕೊಡದೆ ದುಡಿಸಿ, ಕೀಳಾಗಿ ನಡೆಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಿದ ಕಾಯ್ದೆ 2000ರದ್ದು. ಅದಕ್ಕೆ ಮೊದಲು ಹುಟ್ಟಿದ ಈ ವಯಸ್ಕರನ್ನು ಆಮೇಲೆ ಹುಟ್ಟಿದ ಇಂದಿನ 18ರವರ ಜೊತೆ ಹೋಲಿಸಲು ಇದೇ ದಾರಿ. ವ್ಯತ್ಯಾಸ ಕಂಡರೂ ಅದರ ಶ್ರೇಯವನ್ನು ಕಾಯ್ದೆಯೊಂದಕ್ಕೇ ಕಟ್ಟುವಂತಿಲ್ಲ. ಅದೇ ಕಾಲದಲ್ಲಿ ಪಡಿತರ, ಬಿಸಿಯೂಟ, ಹೆರಿಗೆ ಸೌಲಭ್ಯಗಳೂ ಬದಲಾಗಿವೆ.

ಒಂದೇ ಕಾಲೋನಿಯ ಅಂಕಿಯಿಂದ ತೀರ್ಮಾನಕ್ಕೆ ಬರಬೇಡಿ. 18ರ 25 ಹುಡುಗರ ಸರಾಸರಿ ಆಚೀಚೆ ಎರಡೂವರೆ ಸೆಂ.ಮೀ. ಜಾರಬಹುದು; 100 ಮಂದಿ ಸಿಕ್ಕರೆ ಅದು ಒಂದೂಕಾಲಿನ ಆಸುಪಾಸಿಗೆ ಇಳಿಯುತ್ತದೆ. ಕೊರಗರು ಕಾಸರಗೋಡಿನಲ್ಲೂ ಇದ್ದಾರೆ. ಮೂರೂ ಜಿಲ್ಲೆಗಳಲ್ಲಿ ಒಂದೇ ಫಾರಂ, ಒಂದೇ ಮಾದರಿಯ ಉಪಕರಣ, ಒಂದೇ ಹೊತ್ತು ಇಟ್ಟುಕೊಂಡರೆ ಅಂಕಿಗಳನ್ನು ಒಟ್ಟುಗೂಡಿಸಬಹುದು.